ಸರದಾರನ ಎದೆಯ ಬಾಗಿಲು

ಸ್ನೇಹಲ ಈ ಮನೆಯ ಹೊಸ್ತಿಲು ದಾಟಿದ್ದೇ ಸವತಿಯನ್ನು ಕೊರಳಿಗೆ ಕಟ್ಟಿಕೊಂಡು. ಹೆಬ್ಬೆರಳ ಉಗುರಿನಷ್ಟು ಅಗಲದ ಬೆಳ್ಳಿ ತಗಡು. ಅದರ ಮೇಲೆ ಸೀರೆಯುಟ್ಟು ನೆಟ್ಟಗೆ ನಿಂತ ಹೆಂಗಸಿನ ಉಬ್ಬು ರೂಪ. ನೆತ್ತಿಯ ಮೇಲೆ ದಾರ ಪೋಣಿಸಲು ಒಂದು ಕಡಿ. ಅದಕ್ಕೆ ಟಾಕು ಎನ್ನುತ್ತಾರೆ. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಬರುವವಳು ತಾಳಿಯ ಪಕ್ಕದಲ್ಲಿ ಅದನ್ನೂ ಧರಿಸಬೇಕು, ಇಲ್ಲದಿದ್ದರೆ ಹೋದವಳು ಬಂದವಳನ್ನು ಬಾಳಗೊಡುವುದಿಲ್ಲ ಎಂದು ಇಚಲಕರಂಜಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಹೋದವಳು ಮನಾಲಿ. ಅತ್ತೆ ಅನ್ನವ್ವನಿಗೆ ಅವಳು ಬರೀ ಸೊಸೆಯಾಗಿರಲಿಲ್ಲ. ಗಡಹಿಂಗ್ಲಜದಲ್ಲಿರುವ ತಮ್ಮ ಬಾಳಗೊಂಡನ ಮಗಳು, ತೊಟ್ಟಿಲಲ್ಲಿದ್ದಾಗಲೇ ತನ್ನ ಮಗ ಸೂರಜನಿಗೆಂದು ಮಾತಾಡಿಟ್ಟವಳು. ಐದು ವರ್ಷದ ಹಿಂದೆ ಕಾಮಾಲೆ ಏರಿ ಎಂಟೇ ದಿನದಲ್ಲಿ ಹೊರಟುಹೋದಳು. ಉಳಿದವಳು ನಾಲ್ಕು ವರ್ಷದ ರುತುಜಾ. ಎರಡು ವರ್ಷ ಕಳೆದ ಮೇಲೆ ಸ್ನೇಹಲ ಬಂದಳು. ಅವ್ವ ಎನ್ನಬೇಡ, ಚಿಕ್ಕಮ್ಮನಿಗೆ ಅನ್ನುವ ಹಾಗೆ ಮಾವಶಿ ಎನ್ನು ಎಂದು ಅನ್ನವ್ವ ಮೊಮ್ಮಗಳಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಹುಡುಗಿ ಅದನ್ನೂ ಅನ್ನುತ್ತಿರಲಿಲ್ಲ. ‘ಈಕಿ’ ಅನ್ನುತ್ತಿದ್ದಳು.

ಆ ವರ್ಷ ದಸರೆ ಮುಗಿದರೂ ಬಿಸಿಲು ಇಳಿಯಲಿಲ್ಲ. ಸ್ನೇಹಲ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿಯವರಿಗೆ ಸೀರೆಯೊಳಗೆ ಉಡುವ ಪರಕರ ಹೊಲಿದುಕೊಡುತ್ತಿದ್ದಳು. ಬೆವರಿಗೆ ಟಾಕು ಕೊರಳ ಎಲುಬಿಗೆ ಅಂಟಿ, ಅಂಚು ಕೆರೆದು, ಚರ್ಮ ಕೆಂಪಗೆ ಗುಳ್ಳೆಯೆದ್ದಿತು. ಒಂದು ಮಧ್ಯಾಹ್ನ ತಡೆಯಲಾರದೆ ದಾರದಿಂದ ಬಿಡಿಸಿ ಬಾಬಿನ್ನುಗಳ ಡಬ್ಬಿಯಲ್ಲಿ ಹಾಕಿದಳು. ಎರಡು ದಿನ ಗಾಳಿಯಾಡಲಿ, ಆಮೇಲೆ ಹಾಕಿಕೊಂಡರಾಯಿತು ಎಂದುಕೊಂಡಳು. ಕೊರಳು ಹಗುರಾದದ್ದು ಖುಷಿಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಸಂಜೆ ರೊಟ್ಟಿ ಬಡಿಯಲು ಕೂತಾಗ ಅನ್ನವ್ವನ ಕಣ್ಣಿಗೆ ಬಿತ್ತು.

“ಕೊರಳಾಗಿನ ಟಾಕು ಎಲ್ಲಿ?”

“ಕಡಿ ಸಡಲಾಗಿತ್ರಿ ಅತ್ತ್ಯಾ. ಸೋನಾರನ ಕಡೆ ಕೊಟ್ಟೇನಿ.”

“ಯಾವಾಗ ಕೊಟ್ಟಿ?”

“ನಿನ್ನಿ.”

“ಇವತ್ತ ಮುಂಜಾನೆ ನೀರು ತುಂಬೂಮುಂದ ನಿನ್ನ ಕೊರಳಾಗಽ ಇತ್ತಲ್ಲ?”

ಸ್ನೇಹಲ ಹಿಟ್ಟು ತಟ್ಟುವ ಕೈ ನಿಲ್ಲಿಸಲಿಲ್ಲ. “ಇವತ್ತ ಅಂತ ಅನ್ನಾಕ ಹೋಗಿ ನಿನ್ನಿ ಅಂದೆ.”

“ಮೂರು ವರ್ಷ ಆತು, ಆಕಿನ್ನ ಹೊತ್ತುಕೊಂಡಿರೂದು ನಿನಗ ಭಾರ ಆಗೇತಿ,” ಅನ್ನವ್ವ ಚಟ್ನಿ ಕುಟ್ಟುವ ಕಲ್ಲನ್ನು ಬದಿಗಿಟ್ಟಳು. “ಅದಕ್ಕಽ ನಿನ್ನ ಉಡಿ ತುಂಬವಲ್ದು. ಮನಿ ಹಿರೀಕಿನ್ನ ಡಬ್ಬ್ಯಾಗ ಹಾಕೀಯೋ ಮಾರೀಯೋ ಆ ಶಿವಗಽ ಗೊತ್ತು.”

ಡಬ್ಬಿ ಎಂಬ ಮಾತಿಗೆ ಸ್ನೇಹಲ ತಟ್ಟುತ್ತಿದ್ದ ರೊಟ್ಟಿಯ ಅಂಚು ಹರಿಯಿತು. ಮುದುಕಿ ಸುಮ್ಮನೆ ಅಂದದ್ದು, ಗೊತ್ತಿದ್ದು ಅಂದದ್ದಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸೂರಜ ಮಗ್ಗದ ಕಾರಖಾನೆಯಲ್ಲಿ ಜಾಬರ್. ಮಗ್ಗ ನಿಂತಲ್ಲಿ ಓಡಿಹೋಗಿ ಸರಿಪಡಿಸುವ ಕೆಲಸ. ಹನ್ನೆರಡು ತಾಸು ಖಟಖಟದಲ್ಲಿ ನಿಂತು ಬಂದವನಿಗೆ ಮನೆಯಲ್ಲಿ ಯಾರು ಮಾತಾಡಿದರೂ ಮಗ್ಗವೇ ಕೇಳಿಸುತ್ತಿತ್ತು. ಊಟಕ್ಕೆ ಕೂತವನ ಎಡಗಡೆ ಅನ್ನವ್ವ ಟಾಕಿನ ಮಾತು ತೆಗೆದಳು. ಬಲಗಡೆಯಿಂದ ರುತುಜಾ ಸಿನೇಮಾದ ಮಾತು.

“ಪಪ್ಪಾ, ಬರೂ ಐತವಾರ ಬರ್ತೈತಿ. ಎಲ್ಲಾರೂ ಹೊಂಟಾರ. ನೀ ಹೋದ ವರ್ಷಽ ಒಪ್ಪೀದಿ.”

“ಕರಕೊಂಡು ಹೋಗ್ತೇನಿ ಅಂದೇನಲ್ಲ.”

“ಅದ ಎಂಥಾ ಸಿನೇಮಾನೋ! ಗಂಡುಹುಡುಗರ ಗೊಂಬೀದು,” ಅನ್ನವ್ವ ಅಂದಳು.

“ಗೊಂಬಿ ಅಲ್ಲ ಆಯಿ. ಸರದಾರ!”

ಫೌಲಾದ್ ಫೌಜ್, ಉಕ್ಕಿನ ಪಡೆ, ಎಂಬ ಹೆಸರಿನಲ್ಲಿ ಮೊದಲು ಆಟಿಕೆಗಳು ಬಂದಿದ್ದವು. ಅವು ಖರ್ಚಾದದ್ದು ನೋಡಿ ಸಿನೇಮಾ ತೆಗೆದರು; ಸಿನೇಮಾ ಓಡಿದ್ದು ನೋಡಿ ಈಗ ಎರಡನೆಯ ಭಾಗ. ಮೊದಲನೆಯದನ್ನು ಮನಾಲಿ ಮಗಳನ್ನು ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದಳು, ಥಿಯೇಟರಿನ ಹೊರಗೆ ಫೌಜಿನ ನಾಯಕ ಸರದಾರನನ್ನು ಕೊಡಿಸಿದ್ದಳು. ಗೇಣುದ್ದದ ನೀಲಿ ಪ್ಲಾಸ್ಟಿಕ್ ಸಿಪಾಯಿ. ಎದೆಯಲ್ಲೊಂದು ಪುಟ್ಟ ಬಾಗಿಲು, ಒಳಗೆ ಕೆಂಪು ಕಲ್ಲು. ಆ ಕಲ್ಲೇ ಅವನ ಜೀವ. ಅದಾಗಿ ಎರಡು ತಿಂಗಳಿಗೆ ಮನಾಲಿ ಇರಲಿಲ್ಲ. ಕೆಂಪು ಕಲ್ಲು ಎಂದೋ ಎಲ್ಲೋ ಬಿದ್ದುಹೋಗಿತ್ತು. ಒಂದು ಕೈ ಸಡಿಲಾಗಿ ದಾರ ಸುತ್ತಿಸಿಕೊಂಡಿತ್ತು. ರುತುಜಾ ಮಾತ್ರ ಅವನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು.

“ಸೂರ್ಯಾ, ನಾ ಟಾಕಿನ ಮಾತ ಹೇಳಾಕತ್ತೇನಿ,” ಅನ್ನವ್ವ ಮಗನಿಗೆ ಮತ್ತೆ ಅಂದಳು.

“ಸೋನಾರ ಕೊಡ್ತಾನ ಬಿಡಽ. ನನ್ನ ತಲಿ ತಿನಬ್ಯಾಡ್ರಿ ಎಲ್ಲಾರೂ ಕೂಡಿ.” ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಜಗಳ ಜಡೆಯಿಂದ ಶುರುವಾಯಿತು, ದಿನವೂ ಹಾಗೆಯೇ. ಸ್ನೇಹಲ ಎರಡು ಜಡೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತುವಷ್ಟರಲ್ಲಿ ರುತುಜಾ ನಾಲ್ಕು ಸಲ ತಲೆ ಕೊಡವಿದಳು.

“ನೂಸ್ತೈತಿ. ಆಯೀ, ಈಕಿ ಬೇಕಂತಽ ಜಗ್ಗತಾಳ.”

“ಜಗ್ಗದಽ ಹಾಕಿದ್ರ ಸಾಳ್ಯಾಗ ಬಿಚ್ಚತಾವು. ಆಮ್ಯಾಲೆ ಕಲಸೂ ಬಾಯಾರು ನನ್ನ ಕರಸ್ತಾರ.”

“ಬಾಯಾರಿಗೆ ಹೇಳೇನಿ. ನಮ್ಮ ಅವ್ವ ಸತ್ತಾಳ, ಯಾರೂ ಬರೂದಿಲ್ಲಂತ.”

ಸ್ನೇಹಲ ಹಣಿಗೆಯನ್ನು ನೆಲಕ್ಕೆ ಹಾಕಿ ಎದ್ದುಹೋದಳು. ಹೋದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ ಇದೇ ಹುಡುಗಿ ಮೂರು ದಿನ ಅವಳ ಸೆರಗಿನ ತುದಿ ಮುಷ್ಟಿಯಲ್ಲಿ ಬಿಗಿಹಿಡಿದೇ ಇದ್ದಳು. ಜ್ವರ ಬಿಟ್ಟ ದಿನ ಸೆರಗೂ ಬಿಟ್ಟಿತು. ಅದನ್ನು ಸ್ನೇಹಲ ಯಾರಿಗೂ ಹೇಳಿರಲಿಲ್ಲ.

ಕೆಲಸಕ್ಕೆ ಕೂತು, ಇನ್ನು ಮುದುಕಿಯ ಬಾಯಿ ಸಾಕು, ಹಾಕಿಕೊಂಡೇಬಿಡೋಣ ಎಂದು ಡಬ್ಬಿ ತೆರೆದಳು. ಬಾಬಿನ್ನುಗಳಿದ್ದವು, ಸೂಜಿಗಳಿದ್ದವು, ಟಾಕು ಇರಲಿಲ್ಲ. ಡಬ್ಬಿಯನ್ನು ನೆಲಕ್ಕೆ ಸುರಿದಳು. ಯಂತ್ರ ಸರಿಸಿದಳು. ಬಟ್ಟೆ ಚೂರುಗಳ ಚೀಲ ಬೋರಲು ಹಾಕಿದಳು. ಎಲ್ಲಿಯೂ ಇಲ್ಲ. ಇದು ಅತ್ತೆಯದೇ ಕೆಲಸ, ತಾನೇ ಎತ್ತಿಟ್ಟುಕೊಂಡು ನನ್ನನ್ನು ಆಡಿಸುತ್ತಿದ್ದಾಳೆ ಎನಿಸಿತು. ಕೇಳುವುದು ಹೇಗೆ? ಅಕ್ಕಸಾಲಿಗ ಸೋನಾರನ ಹತ್ತಿರ ಇದೆ ಎಂದು ತಾನೇ ಹೇಳಿದ್ದಳಲ್ಲ.

ಮೂರನೆಯ ದಿನ ಅನ್ನವ್ವ ತಮ್ಮನಿಗೆ ಫೋನು ಹಚ್ಚಿ, ಸ್ನೇಹಲಳಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು. ಬಾಳಗೊಂಡನ ದನಿ ಅಡುಗೆಮನೆ ತುಂಬಿತು.

“ಅಕ್ಕಾ, ನನ್ನ ಮಗಳ ಟಾಕು ಇಲ್ಲದ ಮನ್ಯಾಗ ನನ್ನ ಮೊಮ್ಮಗಳು ಇರಂಗಿಲ್ಲ. ಮನಾಲಿ ವರ್ಷದ ದಿನಕ್ಕ ನಾ ಬರ್ತೇನಿ. ಎಡೀ ಮುಂದ ಟಾಕು ಕಂಡ್ರ ಪಾಡ. ಇಲ್ಲಂದ್ರ ಹುಡುಗಿನ್ನ ಗಡಹಿಂಗ್ಲಜಕ್ಕ ಕರಕೊಂಡು ಹೋಗಾಂವ. ಅಲ್ಲೂ ಸಾಳಿ ಅದಾವ.”

“ಕೇಳಿದೇನವಾ?” ಅನ್ನವ್ವ ಫೋನು ಇಟ್ಟಳು. “ಇನ್ನ ಮೂರು ವಾರ ಅದಾವ.”

ಹುಡುಗಿ ಹೋದರೆ ಮನೆ ಶಾಂತವಾಗುತ್ತದೆ ಎಂದು ಸ್ನೇಹಲ ತನಗೇ ಹೇಳಿಕೊಂಡು ನೋಡಿದಳು. ಬೆಳಿಗ್ಗೆ ಜಡೆಯಿಲ್ಲ, ಊಟದ ಡಬ್ಬಿ ತುಂಬುವುದಿಲ್ಲ, ‘ಈಕಿ’ ಇಲ್ಲ. ಹೇಳಿಕೊಂಡದ್ದು ನಾಟಲಿಲ್ಲ. ಸಿಟ್ಟಿನಿಂದ ಯಂತ್ರದ ಚಕ್ರ ತಿರುಗಿಸಿದಳು, ಸೂಜಿ ಮುರಿಯಿತು.

ಐತವಾರ ಬಂತು. ಸೂರಜನಿಗೆ ಬೆಳಿಗ್ಗೆಯೇ ಕಾರಖಾನೆಯಿಂದ ಕರೆ. ನಾಲ್ಕು ಮಗ್ಗ ಒಟ್ಟಿಗೇ ನಿಂತಿದ್ದವು.

“ನೀನಽ ಕರಕೊಂಡು ಹೋಗು,” ಅಂದ ಹೆಂಡತಿಗೆ.

“ನಾ ಈಕಿ ಸಂಗಾಟ ಹೋಗಂಗಿಲ್ಲ,” ಅಂದಳು ರುತುಜಾ.

“ಹೋಗಬ್ಯಾಡ ಹಂಗಾರ. ಮನ್ಯಾಗ ಬಿದ್ದಿರು.”

ಹುಡುಗಿ ಹೊಸ್ತಿಲಲ್ಲಿ ಹತ್ತು ನಿಮಿಷ ನಿಂತು, ಆಮೇಲೆ ಸರದಾರನನ್ನು ಎತ್ತಿಕೊಂಡು ಬಂದು ಚಪ್ಪಲಿ ಹಾಕಿಕೊಂಡಳು.

ಕೊಲ್ಹಾಪುರದ ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರುತುಜಾ ಸರದಾರನನ್ನು ತೊಡೆಯ ಮೇಲೆ ಪರದೆಯ ಕಡೆಗೆ ಮುಖಮಾಡಿ ಕೂರಿಸಿಕೊಂಡಳು. ಅವನ ಎದೆಯ ಬಾಗಿಲ ಮೇಲೆ ಹೆಬ್ಬೆರಳು ಒತ್ತಿಹಿಡಿದಿದ್ದಳು. ಬಾಗಿಲು ಸಡಿಲಾಗಿರಬೇಕು ಎಂದುಕೊಂಡಳು ಸ್ನೇಹಲ. ದೀಪ ಆರುವ ಮುಂಚೆ ಹುಡುಗಿ ಬಗ್ಗಿ ಆ ಬಾಗಿಲಿಗೆ ಏನೋ ಪಿಸುಗುಟ್ಟಿದಳು. ಹೆಡ್ಡ ಹುಡುಗಿ, ಒಂಬತ್ತು ವರ್ಷವಾದರೂ ಬುದ್ಧಿ ಬಂದಿಲ್ಲ ಎನಿಸಿತು.

ಸಿನೇಮಾ ಶುರುವಾಗಿ ಹತ್ತು ನಿಮಿಷಕ್ಕೇ ಸರದಾರ ಸತ್ತ. ಸೇತುವೆ ಉರಿಯುತ್ತಿತ್ತು, ವಿಮಾನ ಸುತ್ತುತ್ತಿತ್ತು, ಫೌಜನ್ನೆಲ್ಲ ದಾಟಿಸಿ ಅವನೊಬ್ಬ ಹಿಂದೆ ಉಳಿದ. ಬಿದ್ದವನ ಎದೆಯ ಬಾಗಿಲು ತೆಗೆದು ಕೆಂಪು ಕಲ್ಲನ್ನು ಹೊರಗೆಳೆದರು. ಮರುಕ್ಷಣವೇ ಅದನ್ನು ಹಳದಿ ಕವಚದ ಇನ್ನೊಬ್ಬನ ಎದೆಗೆ ಒತ್ತಿದರು. ಹೊಸ ನಾಯಕ ಶೇರಾ! ಡೋಲು ಬಡಿಯಿತು. ಮಕ್ಕಳೆಲ್ಲ ಎದ್ದು ಸಿಳ್ಳೆ ಹೊಡೆದರು. ಒಳಗೆ ಬರುವಾಗ ಮೆಟ್ಟಿಲ ಪಕ್ಕದಲ್ಲಿ ಹಳದಿ ಆಟಿಕೆ ಡಬ್ಬಿಗಳು ಎದೆಯೆತ್ತರ ಪೇರಿಸಿದ್ದು ಯಾಕೆಂದು ಸ್ನೇಹಲಳಿಗೆ ಆಗ ತಿಳಿಯಿತು.

“ಏ! ಅದು ಅವಂದು!” ರುತುಜಾ ಕಿರುಚಿದಳು. “ತಿರುಗಿ ಕೊಡ್ರಿ ಅವಂದು!”

ಹಿಂದಿನ ಸಾಲಿನಿಂದ “ಏ ಪೋರಿ, ಖಾಲೀ ಬಸ್!” ಕೆಳಗೆ ಕೂರು, ಎಂದು ಗದರಿದರು. ಸ್ನೇಹಲ ಕೈಹಿಡಿದು ಎಳೆದಳು. “ಕುಂಡ್ರು ಕೆಳಗ. ಮಂದಿ ನೋಡಾಕತ್ತಾರ.”

“ಬಿಡು ನನ್ನ! ನೀನೂ ಹಂಗಽ! ಅವ್ವನ್ನ ಕೊರಳಿಗೆ ಹಾಕ್ಕೊಂಡು ಅವ್ವನ ಜಾಗಾದಾಗ ಬಂದು ಕುಂತೀ!”

ಪರದೆಯ ಬೆಳಕಿನಲ್ಲಿ ಹತ್ತಾರು ಮುಖಗಳು ತಿರುಗಿದವು. ಮುಂದಿನ ಸಾಲಿನ ಹೆಂಗಸು ಪಕ್ಕದವಳಿಗೆ “ಸಾವತ್ರ ಆಯಿ ದಿಸತೇಯ,” ಮಲತಾಯಿ ಇರಬೇಕು, ಎಂದದ್ದು ಸ್ನೇಹಲಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಹುಡುಗಿಯ ರೆಟ್ಟೆ ಹಿಡಿದು ಎಬ್ಬಿಸಿದಳು. ಹುಡುಗಿ ಕೈಕಾಲು ಬಡಿದಳು. ಏನೋ ಜಾರಿ ಬಿತ್ತು. ಬಾಗಿಲ ಕಡೆಯ ಮಂದ ದೀಪದಲ್ಲಿ ಖುರ್ಚಿಯ ಕೆಳಗೆ ನೀಲಿ ಕಾಲೊಂದು ಕಂಡಿತು. ಬಗ್ಗಿದ್ದರೆ ಕೈಗೆ ಸಿಗುತ್ತಿತ್ತು. ಸ್ನೇಹಲ ಅದನ್ನು ನೋಡಿದಳು. ‘ಬೀಳಲಿ,’ ಎಂದುಕೊಂಡು ಹುಡುಗಿಯನ್ನು ಎಳೆದುಕೊಂಡು ಹೊರಬಿದ್ದಳು.

ಮರಳುವ ಬಸ್ಸು ಹಾತಕಣಂಗಲೆ ದಾಟಿದ ಮೇಲೆ ರುತುಜಾ ಒಮ್ಮೆಲೇ ತನ್ನ ಬರಿಗೈ ನೋಡಿಕೊಂಡಳು.

“ಸರದಾರ ಎಲ್ಲಿ?”

“ನನಗೇನ ಗೊತ್ತು? ನಿನ್ನ ಕೈಯಾಗ ಇತ್ತಲ್ಲ?”

“ನೀ ನೋಡಿಲ್ಲಾ?”

“ಇಲ್ಲ.”

“ತಿರುಗಿ ಹೋಗೂನು. ಮಾವಶಿ, ತಿರುಗಿ ಹೋಗೂನು.”

ಮೂರು ವರ್ಷದಲ್ಲಿ ಮೊದಲ ಸಲ ಮಾವಶಿ ಅಂದಿದ್ದಳು. ಸ್ನೇಹಲ ಕಿಟಕಿಯ ಹೊರಗೆ ನೋಡಿದಳು. “ಊರು ಬಂತು. ಒಡದದ್ದ ಗೊಂಬಿ ಅದು. ಹೋದ್ರ ಹೋಗವಲ್ದ್ಯಾಕ.”

ಅಳುತ್ತಾಳೆ, ಹೊಡೆಯುತ್ತಾಳೆ ಎಂದು ಕಾದಳು. ಹುಡುಗಿ ಅಳಲಿಲ್ಲ. ಕೆಳದುಟಿಯನ್ನು ಬಿಳಿಚುವಷ್ಟು ಕಚ್ಚಿಕೊಂಡು ಕೂತಳು. ಸ್ನೇಹಲಳಿಗೆ ಅದನ್ನು ನೋಡಿ ಹೆದರಿಕೆಯಾಯಿತು.

ಆಮೇಲಿನ ದಿನಗಳಲ್ಲಿ ರುತುಜಾ ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಎದ್ದುಹೋಗುತ್ತಿದ್ದಳು. ಜಡೆ ಎಳೆದರೂ ನೂಸ್ತೈತಿ ಅನ್ನಲಿಲ್ಲ.

“ಏನ ಮಾಡೀ ಹುಡುಗೀಗೆ?” ಅನ್ನವ್ವ ಕೇಳಿದಳು. “ಸಿನೇಮಾಕ್ಕ ಕರಕೊಂಡು ಹೋಗಿ ಏನ ಅಂಜಿಸೀ?”

“ಗೊಂಬಿ ಕಳಕೊಂಡಾಳ. ಅದಕ್ಕ ಮಾರಿ ಉಬ್ಬಿಸ್ಯಾಳ.”

“ಗೊಂಬಿ ಹೋತು, ಟಾಕು ಹೋತು. ಈ ಮನ್ಯಾಗ ಮನಾಲೀದು ಅನ್ನೂದು ಒಂದೂ ಉಳೀಬಾರದಂತ ಹಟ ಹಿಡದೀಯೇನ?”

“ಟಾಕು ಸೋನಾರನ ಕಡೆ ಐತ್ರಿ!”

“ನಾಳೆ ನಾನಽ ಹೋಗಿ ಕೇಳ್ತೇನಿ ಹಂಗಾರ.”

ಅನ್ನವ್ವ ಹೋಗುವ ಮುಂಚೆ ಅವತ್ತೇ ಸ್ನೇಹಲ ಹೋದಳು. ಸೋನಾರ ನಾಮದೇವ ಕನ್ನಡಕ ಹಣೆಗೇರಿಸಿ ಮೇಜಿನ ಖಾನೆ ಎಳೆದ. ಒಳಗೆ ಕಾಗದದ ಮೇಲೆ ಸಾಲಾಗಿ ಬೆಳ್ಳಿ ಹೆಂಗಸರು. ಎಲ್ಲರೂ ಸೀರೆಯುಟ್ಟು ನೆಟ್ಟಗೆ ನಿಂತಿದ್ದರು. ಎಲ್ಲರದೂ ಅದೇ ಮುಖ.

“ಎಲ್ಲಾ ಒಂದಽ ಥರಾ ಅದಾವಲ್ರಿ ಕಾಕಾ?”

“ಅಚ್ಚು ಒಂದಽ ಐತಿ ತಂಗಿ. ನಮ್ಮ ಅಜ್ಜಂದು. ಈ ಪ್ಯಾಟ್ಯಾಗ ಯಾರ ಮನ್ಯಾಗ ಯಾರು ತೀರ್ಕೊಂಡ್ರೂ ಇದರಾಗಽ ಒತ್ತೂದು.”

“ಮತ್ತ ಇದು ಇಂಥಾಕೀದು ಅಂತ ಹೆಂಗ ಗೊತ್ತಾಕ್ಕೇತಿ?”

“ಒಯ್ದು ಎಡೀ ಮುಂದ ಇಟ್ಟು ಹೆಸರು ಹಿಡದು ಕರೀತಾರ. ಕರದಮ್ಯಾಲೆ ಆಕೀದು.” ಅವನು ಒಂದನ್ನು ತಕ್ಕಡಿಗೆ ಹಾಕಿದ. “ಅಲ್ಲೀತನಕಾ ಬೆಳ್ಳಿ.”

ಪರಕರದ ದುಡ್ಡು ಕೊಟ್ಟು ತಂದ ಆ ಟಾಕಿಗೆ ಅವಳು ಎಣ್ಣೆ, ಅರಿಸಿನ, ಒಲೆಯ ಮಸಿ ತಿಕ್ಕಿ ಹೊಸ ಹೊಳಪು ಇಳಿಸಿದಳು. ಕೊರಳಿಗೆ ಕಟ್ಟಿಕೊಂಡು ಬಂದಾಗ ಅನ್ನವ್ವ ಹತ್ತಿರ ಕರೆದು ಹಿಡಿದು ನೋಡಿ, “ಹೂಂ,” ಅಂದಳು. ಪಾಠ ಬರೆಯುತ್ತಿದ್ದ ರುತುಜಾ ತಲೆಯೆತ್ತಿ ನೋಡಿದಳು. ಅವಳ ಪೆನ್ಸಿಲು ಬಹಳ ಹೊತ್ತು ಹಾಗೇ ನಿಂತಿತ್ತು. ಸ್ನೇಹಲಳಿಗೆ ಆ ನೋಟ ಅರ್ಥವಾಗಲಿಲ್ಲ.

ವರ್ಷದ ದಿನ ಬಾಳಗೊಂಡ ಮೊದಲ ಬಸ್ಸಿಗೇ ಬಂದ. ಹೆಗಲ ಮೇಲೆ ಗಡಹಿಂಗ್ಲಜದ ಕೆಂಪು ಮೆಣಸಿನಕಾಯಿಯ ಚೀಲ, ಕೈಯಲ್ಲಿ ಮಗಳಿಗೆಂದು ಹಸಿರು ಸೀರೆ. ಸ್ನೇಹಲ ನಾಲ್ಕಕ್ಕೇ ಎದ್ದು ಹೂರಣ ರುಬ್ಬಿದ್ದಳು. ಹೋಳಿಗೆ, ಕಟ್ಟಿನ ಸಾರು, ಮನಾಲಿಗೆ ಸೇರುತ್ತಿದ್ದ ಬದನೆಕಾಯಿ ಎಣ್ಣೆಗಾಯಿ. ಒಂದಕ್ಕೂ ಉಪ್ಪು ನೋಡುವಂತಿಲ್ಲ. ಎಡೆಗೆ ಮೊದಲು ಬಾಯಿಗೆ ಹಾಕಬಾರದು.

ಅನ್ನವ್ವ ಸೊಸೆಯ ಕೊರಳಿನಿಂದ ಟಾಕು ಬಿಡಿಸಿಕೊಂಡು, ಹಾಲಿನಲ್ಲಿ ತೊಳೆದು, ಸೀರೆಯ ಮೇಲೆ ವೀಳ್ಯದೆಲೆ ಹಾಸಿ ಇಟ್ಟಳು. ಕುಂಕುಮ ಹಚ್ಚಿದಳು. ಎಲ್ಲರೂ ಕೈಮುಗಿದು ಕೂತರು.

“ಮಗಳಽ, ಬಾರಽ. ಉಂಡು ಹೋಗು,” ಬಾಳಗೊಂಡನ ದನಿ ಒಡೆಯಿತು.

“ಅದು ಅವ್ವ ಅಲ್ಲ,” ಅಂದಳು ರುತುಜಾ.

“ಸುಮ್ಮಿರು,” ಸೂರಜ ಗದರಿದ.

“ಅದು ಅವ್ವ ಅಲ್ಲ! ಅವ್ವನ ಟಾಕು ನನ್ನ ಕಡೆ ಇತ್ತು. ಈಕಿ ಮಶೀನದ ಡಬ್ಬ್ಯಾಗ ಒಗದಿದ್ಲು. ನಾ ತೊಗೊಂಡು ಸರದಾರನ ಎದ್ಯಾಗ ಇಟ್ಟಿದ್ನಿ. ಅವ್ವಗೂ ಸಿನೇಮಾ ತೋರಸಬೇಕಂತ...” ಮುಂದಿನ ಮಾತು ಬಿಕ್ಕಿನಲ್ಲಿ ಮುಳುಗಿತು. “ಸರದಾರ ಕಳದಾನ.”

ಅನ್ನವ್ವ ಎಲೆಯ ಮೇಲಿನ ಟಾಕನ್ನು ಎತ್ತಿ ಮೂಲೆಗೆ ಬೀಸಿದಳು. ಅದು ಹಿಟ್ಟಿನ ಡಬ್ಬಕ್ಕೆ ಠಣ್ಣೆಂದು ಬಡಿದು ಬಿತ್ತು. ಆಮೇಲೆ ಮೊಮ್ಮಗಳ ಕೆನ್ನೆಗೆ ಹೊಡೆದಳು.

“ಕಳ್ಳಿ! ನಿಮ್ಮವ್ವನ್ನ ಒಯ್ದು ಸಿನೇಮಾದಾಗ ಒಗದು ಬಂದೇನ?”

ಸೂರಜನೂ ಕೈಯೆತ್ತಿ ಎದ್ದ. ಹುಡುಗಿ ಗೋಡೆಗೆ ಒತ್ತಿಕೊಂಡಳು.

ಈಗ ಎಲ್ಲರ ಕಣ್ಣೂ ಹುಡುಗಿಯ ಮೇಲಿತ್ತು. ಡಬ್ಬಿಯ ಮಾತು, ಹೊಸ ಟಾಕಿನ ಮಾತು ಅರೆಗಳಿಗೆ ಎಲ್ಲರಿಗೂ ಮರೆತಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸ್ನೇಹಲಳ ಪಾಲಿನ ಹೊಡೆತ ಆ ಸಣ್ಣ ಕೆನ್ನೆಗೇ ಬಿದ್ದು ಮುಗಿಯುತ್ತಿತ್ತು. ಅವಳು ನಡುವೆ ಹೋಗಿ ನಿಂತಳು.

“ಆಕಿನ್ನ ಹೊಡೀಬ್ಯಾಡ್ರಿ. ಆಕಿ ಕಳದಿಲ್ಲ. ಗೊಂಬಿ ಬಿದ್ದದ್ದ ನಾ ಕಣ್ಣಿಲೆ ಕಂಡೇನಿ. ಸಿಟ್ಟಿನಾಗ ಬೇಕಂತಽ ಬಿಟ್ಟು ಬಂದೇನಿ. ನೋಡಿಲ್ಲಂತ ಸುಳ್ಳ ಹೇಳೇನಿ. ಟಾಕು ತಗದಾಕಿನೂ ನಾನಽ. ಸೋನಾರನ ಮಾತೂ ಸುಳ್ಳ.”

ರುತುಜಾ ಅಳು ನಿಲ್ಲಿಸಿ ಅವಳನ್ನು ನೋಡಿದಳು.

“ಕೇಳಿದೇನೋ ಸೂರ್ಯಾ, ಇಂಥಾಕಿನ್ನ ತಂದು ಮನ್ಯಾಗ ಇಟ್ಟೀ!” ಅನ್ನವ್ವ ಎದೆ ಬಡಿದುಕೊಂಡಳು. “ಹಾವಿನ್ನ ತರಬೇಕಿತ್ತು ಇದಕ್ಕಿಂತ!”

“ಬಾಯಿ ಮುಚ್ಚವಾ ಅಕ್ಕಾ,” ಬಾಳಗೊಂಡ ಸೀರೆಯನ್ನು ಮಡಚತೊಡಗಿದ. “ಮಾತ ಆಗಿತ್ತು. ಹುಡುಗಿ ಅರವಿ ಕಟ್ರಿ.”

ಸೂರಜ ಹೆಂಡತಿಯ ಮುಖ ನೋಡಲಿಲ್ಲ. “ಒಯ್ರಿ ಮಾಮಾ. ಕೆಲವು ದಿವಸ ಅಲ್ಲೇ ಇರಲಿ,” ಅಂದು ಹೊರಗೆ ಹೋದ. ಯಾರೂ ಉಣ್ಣಲಿಲ್ಲ. ಹೋಳಿಗೆಯನ್ನು ಬೆಕ್ಕು ಎಳೆಯಿತು.

“ಮೊದಲ ಥೇಟರಿಗೆ ಹೋಗಬೇಕು,” ಚೀಲ ಹಿಡಿದು ನಿಂತ ರುತುಜಾ ಅಜ್ಜನಿಗೆ ಅಂದಳು. “ಇಲ್ಲಂದ್ರ ಬರಂಗಿಲ್ಲ.”

“ಎಲ್ಲಿ ಬಿದ್ದೈತಿ ಅಂತ ನನಗ ಗೊತ್ತೈತಿ. ನಾನೂ ಬರ್ತೇನಿ,” ಅಂದಳು ಸ್ನೇಹಲ. ಬಾಳಗೊಂಡ ಬೇಡವೆನ್ನಲಿಲ್ಲ. ಹೊರಡುವ ಮುಂಚೆ ಅವಳು ಹಿಟ್ಟಿನ ಡಬ್ಬದ ಸಂದಿಯಿಂದ ಟಾಕನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಥಿಯೇಟರಿನಲ್ಲಿ ಫೌಜಿನ ಚಿತ್ರ ತೆಗೆದು ಬೇರೊಂದು ಹಾಕಿದ್ದರು. ಕಸ ಹೊಡೆಯುವ ಶೆವಂತಾ ಕನ್ನಡದವಳೇ. ಬಕೆಟ್ಟು ಇಡುವ ಕೋಣೆಯ ಹಲಗೆಯ ಮೇಲಿನಿಂದ ಒಂದು ಚೀಲ ಇಳಿಸಿದಳು. ಒಂಟಿ ಚಪ್ಪಲಿ, ನೀರಿನ ಬಾಟಲಿ, ಮಗುವಿನ ಟೊಪ್ಪಿಗೆ, ಅದರಡಿಯಲ್ಲಿ ಸರದಾರ. ರುತುಜಾ ಕಿತ್ತುಕೊಂಡಳು. ಎದೆಯ ಬಾಗಿಲು ಮುರಿದುಹೋಗಿತ್ತು. ಒಳಗೆ ಬರೀ ಧೂಳು.

“ಒಳಗ ಬೆಳ್ಳಿ ಇತ್ತು. ಎಲ್ಲಿ ಮಾರೀ?” ಬಾಳಗೊಂಡ ಶೆವಂತಾಳ ಮೇಲೆ ಏರಿಹೋದ.

“ಯಪ್ಪಾ, ಬಾಗಲಾ ಮೊದಲಽ ಮುರದಿತ್ತು. ಮಂದಿ ತುಳದಾರ. ಬೆಳ್ಳಿಗಿಳ್ಳಿ ನನಗ ಕಂಡಿಲ್ಲ. ಅವತ್ತಿನ ಕಸ ಅವತ್ತಽ ಗಾಡ್ಯಾಗ ಹೋಕ್ಕೇತಿ. ನಾ ಕಳ್ಳಿ ಆಗಿದ್ರ ಗೊಂಬಿ ಯಾಕ ತಗದ ಇಡ್ತಿದ್ನಿ?”

“ಆಕಿನ್ನ ಯಾಕ ಅಂತೀರಿ ಮಾಮಾ? ಬಿಟ್ಟು ಹೋದಾಕಿ ನಾನು,” ಸ್ನೇಹಲ ಅಂದಳು. ಶೆವಂತಾಳ ಕಡೆ ತಿರುಗಿ, “ಕಾಯ್ದು ಇಟ್ಟೀರಲ್ರಿ, ಉಪಕಾರ ಆತು,” ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಬಾಳಗೊಂಡ ಗಡಹಿಂಗ್ಲಜದ ಬಸ್ಸು ಕೇಳಲು ಹೋದ. ಕಲ್ಲುಬೆಂಚಿನ ಒಂದು ತುದಿಗೆ ಹುಡುಗಿ, ಇನ್ನೊಂದು ತುದಿಗೆ ಸ್ನೇಹಲ. ನಡುವೆ ಬಟ್ಟೆಯ ಚೀಲ.

“ಆ ಸುಳ್ಳ ಟಾಕು ಎಲ್ಲೈತಿ?” ರುತುಜಾ ಎತ್ತಲೋ ನೋಡುತ್ತ ಕೇಳಿದಳು.

ಸ್ನೇಹಲ ಸೆರಗಿನ ಗಂಟು ಬಿಚ್ಚಿ ಚೀಲದ ಮೇಲಿಟ್ಟಳು.

“ಇದು ಯಾರದು?”

“ಇನ್ನೂ ಯಾರದೂ ಅಲ್ಲ. ಹಳೇದೂ ಇದಽ ಅಚ್ಚಿನಾಗ ಒತ್ತಿದ್ದಂತ. ಹೆಸರು ಹಿಡದು ಕರದಮ್ಯಾಲೆ ಆಕೀದು ಆಕ್ಕೇತಿ ಅಂತ ಸೋನಾರ ಅಂದ.”

“ಮುಂಜಾನೆ ಅಜ್ಜ ಕರದಾನಲ್ಲ.”

“ಹೆಸರು ಹಿಡದಿಲ್ಲ. ಅಷ್ಟರಾಗ ನೀ ಒದರೀದಿ.”

ಹುಡುಗಿ ಅದನ್ನು ಎತ್ತಿ ತಿರುಗಿಸಿ ನೋಡಿದಳು. “ನಿನಗ ಕೊಡಂಗಿಲ್ಲ. ನೀ ತಗದ ಇಡ್ತಿ.”

“ಕೊಡಬ್ಯಾಡ.”

ರುತುಜಾ ಸರದಾರನ ಎದೆಯ ಧೂಳನ್ನು ಊದಿದಳು. ಟಾಕನ್ನು ಬಾಯಿಯ ಹತ್ತಿರ ಹಿಡಿದು, “ಮನಾಲಿ,” ಅಂದಳು. ಸ್ವಲ್ಪ ತಡೆದು, “ಅವ್ವಾ,” ಅಂದಳು. ಒಳಗಿಟ್ಟಳು. ಮುಚ್ಚಲು ಬಾಗಿಲಿರಲಿಲ್ಲ. ಒಂದು ಜಡೆಯ ರಬ್ಬರ್ ಬ್ಯಾಂಡ್ ಎಳೆದು ತೆಗೆದು ಅವನ ಎದೆಗೆ ಎರಡು ಸುತ್ತು ಹಾಕಿದಳು. ಬಿಚ್ಚಿದ ಕೂದಲು ಕಿವಿಯ ಮೇಲೆ ಬಿತ್ತು.

ಬಾಳಗೊಂಡ ಭಡಂಗ ಚುರುಮುರಿಯ ಪೊಟ್ಟಣ ಹಿಡಿದುಕೊಂಡು ಬಂದ. “ನಡಿಯವಾ, ನಮ್ಮ ಬಸ್ಸು ಹಚ್ಯಾರ.”

“ನಾ ಬರಂಗಿಲ್ಲ ಅಜ್ಜಾ. ಸಾಳಿ ಸುಟ್ಯಾಗ ಬರ್ತೇನಿ.”

“ಈಕಿ ಸಂಗಾಟ ಇರ್ತೀ? ಇಷ್ಟೆಲ್ಲಾ ಮಾಡಿದಾಕಿ ಸಂಗಾಟ?”

“ಈಕಿ ಭಾಳ ಕೆಟ್ಟಾಕಿ ಅದಾಳ,” ಹುಡುಗಿ ಭಡಂಗದ ಪೊಟ್ಟಣ ಇಸಿದುಕೊಂಡಳು. “ಆದ್ರ ನನಗ ಹೊಡತ ಬೀಳೂಮುಂದ ನೀ ಸೀರಿ ಹಿಡಕೊಂಡು ಕುಂತಿದ್ದಿ. ಈಕಿ ಎದ್ದು ಬಂದ್ಲು.”

ಗಡಹಿಂಗ್ಲಜದ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಬಾಳಗೊಂಡ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಸ್ನೇಹಲಳ ಕಡೆ ನೋಡದೆಯೇ, ಹಸಿರು ಸೀರೆಯ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಹೋದ.

ಇಚಲಕರಂಜಿಯ ಬಸ್ಸಿನಲ್ಲಿ ರುತುಜಾ ಅವಳ ಪಕ್ಕ ಕೂರಲಿಲ್ಲ. ಒಂದು ಸೀಟು ಮುಂದೆ ಕೂತಳು. ಮನೆಯಲ್ಲಿ ಅನ್ನವ್ವ ಕಾದಿರುತ್ತಾಳೆ, ಸೂರಜ ಏನನ್ನುತ್ತಾನೋ ಗೊತ್ತಿಲ್ಲ. ಕಂಡಕ್ಟರ್ ಬಂದು ಒಂಟಿ ಹುಡುಗಿಯನ್ನು ನೋಡಿ, “ಕುಣಾಚೀ ಗಾ ತೂ, ಪೋರಿ?” ಯಾರ ಹುಡುಗಿ ನೀನು, ಎಂದು ಕೇಳಿದ.

ರುತುಜಾ ತಿರುಗಲಿಲ್ಲ. ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿ, “ತಿಚೀ,” ಅಂದಳು. ಆಕೆಯದು.

ಸ್ನೇಹಲ ಎರಡು ಟಿಕೀಟು ತೆಗೆಸಿದಳು. ಕಿಟಕಿಯ ಗಾಳಿಗೆ ಹುಡುಗಿಯ ಬಿಚ್ಚಿದ ಕೂದಲು ಸೀಟಿನ ಮೇಲಿಂದ ಹಾರಿ ಅವಳ ಮುಖಕ್ಕೆ ಬಡಿಯುತ್ತಿತ್ತು. ತನ್ನ ತಲೆಯಿಂದ ಪಿನ್ನೊಂದನ್ನು ಕಿತ್ತು, ಆ ಕೂದಲನ್ನು ಒಟ್ಟುಮಾಡಲು ಮುಂದೆ ಬಗ್ಗಿದಳು.

ರುತುಜಾ ತಲೆ ಕೊಡವಿದಳು. “ಇಲ್ಲಿ ಬ್ಯಾಡ,” ಅಂದಳು. “ನಾಳೆ ಮುಂಜಾನೆ ಹಾಕು.”